ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕರ ವೃತ್ತಿ ತರಬೇತಿ ಮತ್ತು ಮೌಖಿಕ ಆಕರಗಳು

ಶಿಕ್ಷಕರ ವೃತ್ತಿ ತರಬೇತಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಆಯೋಗಗಳ ವರದಿ, ಸರ್ಕಾರದ ಆದೇಶ ಮತ್ತು ಸಂಸ್ಥೆಗಳ ಸ್ಥಾಪನೆ ಇವುಗಳನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ. ತರಬೇತಿಯನ್ನು ಯಾರು ನೀಡಬೇಕು, ಎಷ್ಟು ದಿನ ನೀಡಬೇಕು, ಅದರ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗಳಿಗೆ ಅಂಥ ಬರಹಗಳಲ್ಲಿ ತಕ್ಕಮಟ್ಟಿನ ಉತ್ತರ ದೊರೆಯುತ್ತದೆ. ತರಬೇತಿ ಮುಗಿಸಿ ಊರಿಗೆ ಮರಳಿದ ಶಿಕ್ಷಕರು ತಮ್ಮ ಶಾಲೆಯ ಸುತ್ತಲಿನ ಕಲ್ಲು, ಹಾಡು, ಐತಿಹ್ಯ, ಊರುಹೆಸರುಗಳನ್ನು ಇತಿಹಾಸದ ಆಕರಗಳೆಂದು ಓದಬಲ್ಲವರಾದರೇ ಎಂಬ ಪ್ರಶ್ನೆಯನ್ನು ಮಾತ್ರ ಅವು ಎತ್ತಿಕೊಳ್ಳುವುದಿಲ್ಲ. ಜಾನಪದ ಅಧ್ಯಯನದ ನೆಲೆಯಿಂದ ನೋಡುವವರಿಗೆ ಇದೇ ಮುಖ್ಯ ಪ್ರಶ್ನೆ. ಕರ್ನಾಟಕದ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರ ಸೇವಾನಿರತ ತರಬೇತಿ ನಡೆದುಬಂದ ಹಾದಿಯನ್ನು ಗುರುತಿಸಿ, ಅದರಲ್ಲಿ ಮೌಖಿಕ ಆಕರಗಳ ಸ್ಥಾನವೇನು ಎಂಬುದನ್ನು ಹಲಗಲಿಯ ಬೇಡರ ದಂಗೆಯ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ತರಬೇತಿಯ ಹಿನ್ನೆಲೆ

ಕನ್ನಡ ನಾಡಿನಲ್ಲಿ ಸೇವೆಯಲ್ಲಿರುವ ಶಿಕ್ಷಕರಿಗೆ ಓದಿನ ಸಾಮಗ್ರಿ ಒದಗಿಸುವ ಪ್ರಯತ್ನ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ೧೮೬೫ರಲ್ಲಿ 'ಮಠಪತ್ರಿಕೆ' ಆರಂಭವಾಯಿತು. ಅದು ಮುಂದೆ 'ಶಾಲಾಪತ್ರಿಕೆ'ಯಾಗಿ, ಅನಂತರ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ಹೆಸರಿನಲ್ಲಿರುವ 'ಮಠ'ವನ್ನು ಧಾರ್ಮಿಕ ಮಠವೆಂದು ತಿಳಿಯಬೇಕಾಗಿಲ್ಲ. ಹಳ್ಳಿಯ ಶಾಲೆಯನ್ನು ಮಠವೆಂದು ಕರೆಯುವ ರೂಢಿ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಹಳೆಯ ಮೈಸೂರಿನ ಕೂಲಿಮಠಗಳನ್ನೂ ಇಲ್ಲಿ ನೆನೆಯಬಹುದು. ಅಚ್ಚಾದ ಪತ್ರಿಕೆಯೊಂದು ತನ್ನ ಓದುಗರಾದ ಶಿಕ್ಷಕರನ್ನು ಅವರ ನೆಲದ ಮಾತಿನಲ್ಲೇ ಗುರುತಿಸಿತೆಂಬುದು ಗಮನಾರ್ಹ.

ಆದರೆ ಆ ಪ್ರಯತ್ನ ಮುಖ್ಯವಾಗಿ ಪ್ರಾಥಮಿಕ ಶಿಕ್ಷಕರನ್ನು ಉದ್ದೇಶಿಸಿದ್ದು. ಪ್ರೌಢಶಾಲಾ ಶಿಕ್ಷಕರ ಸೇವಾನಿರತ ತರಬೇತಿ ಒಂದು ರಾಷ್ಟ್ರೀಯ ಚಿಂತನೆಯಾಗಿ ರೂಪುಗೊಂಡದ್ದು ಸ್ವಾತಂತ್ರ್ಯಾನಂತರ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು (೧೯೫೨-೫೩) ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಪೌರನೀತಿಗಳನ್ನು 'ಸೋಷಿಯಲ್ ಸ್ಟಡೀಸ್' ಎಂಬ ಒಂದೇ ವಿಷಯವಾಗಿ ಬೋಧಿಸುವ ಕಲ್ಪನೆಯನ್ನು ಮುಂದಿಟ್ಟಿತು. ಅದೇ ವರದಿಯು ಪುನಶ್ಚೇತನ ಶಿಬಿರ, ಅಲ್ಪಾವಧಿ ತರಬೇತಿ, ಕಾರ್ಯಾಗಾರ, ವಿಚಾರ ಸಂಕಿರಣಗಳನ್ನು ಶಿಕ್ಷಕರ ಕಾಲೇಜುಗಳು ನಡೆಸಬೇಕೆಂದೂ ಹೇಳಿತು. ವಿಷಯವೂ ತರಬೇತಿಯ ಕಲ್ಪನೆಯೂ ಹೀಗೆ ಒಂದೇ ವರದಿಯಲ್ಲಿ ಜೊತೆಯಾಗಿ ಕಾಣಿಸಿಕೊಂಡವು. ಹೊಸ ವಿಷಯವನ್ನು ಬೋಧಿಸಲು ಹಳೆಯ ಪದವಿಗಳು ಸಾಲವೆಂಬ ಅರಿವು ಆಗಲೇ ಇತ್ತೆಂದು ಇದರಿಂದ ಊಹಿಸಬಹುದು.

ಮುಂದಿನ ಘಟ್ಟಗಳು ಸುಪರಿಚಿತವಾದವು. ೧೯೬೩ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ಆರಂಭವಾಯಿತು. ಡಿ.ಎಸ್. ಕೊಠಾರಿ ಆಯೋಗ (೧೯೬೪-೬೬) ಪ್ರತಿ ಐದು ವರ್ಷಗಳ ಸೇವೆಗೆ ಎರಡರಿಂದ ಮೂರು ತಿಂಗಳ ಸೇವಾನಿರತ ಶಿಕ್ಷಣ ಇರಬೇಕೆಂದು ಶಿಫಾರಸು ಮಾಡಿತು. ೧೯೭೫ರಲ್ಲಿ ರಾಜ್ಯದಲ್ಲಿ ಡಿ.ಎಸ್.ಇ.ಆರ್.ಟಿ. ರೂಪುಗೊಂಡಿತು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಿಗೆ ಡಯಟ್‌ಗಳು ಬಂದವು. ಪ್ರೌಢಶಾಲಾ ಶಿಕ್ಷಕರ ಹೊಣೆಯನ್ನು ಸಿ.ಟಿ.ಇ.ಗಳಿಗೆ ವಹಿಸಲಾಯಿತು. ೨೦೦೯ರಲ್ಲಿ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ, ೨೦೧೮ರಲ್ಲಿ ಅದನ್ನೂ ಒಳಗೊಂಡ ಸಮಗ್ರ ಶಿಕ್ಷಾ, ೨೦೧೯ರಲ್ಲಿ 'ನಿಷ್ಠಾ' ಆರಂಭವಾದವು; ೨೦೨೧ರಲ್ಲಿ ನಿಷ್ಠಾ ಪ್ರೌಢಶಾಲಾ ಹಂತಕ್ಕೆ ದೀಕ್ಷಾ ವೇದಿಕೆಯ ಮೂಲಕ ವಿಸ್ತರಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ೫೦ ಗಂಟೆಗಳ ನಿರಂತರ ವೃತ್ತಿ ಅಭಿವೃದ್ಧಿಯನ್ನು ನಿಗದಿಪಡಿಸಿದೆ.

ಕೊಠಾರಿ ಆಯೋಗದ ಲೆಕ್ಕವನ್ನೂ ೨೦೨೦ರ ನೀತಿಯ ಲೆಕ್ಕವನ್ನೂ ಒಂದೆಡೆ ಇಟ್ಟು ನೋಡುವುದು ಉಪಯುಕ್ತ. ಮೊದಲನೆಯದರ ಪ್ರಕಾರ ಐದು ವರ್ಷಗಳಲ್ಲಿ ೬೦ರಿಂದ ೯೦ ದಿನ. ಎರಡನೆಯದರ ಪ್ರಕಾರ ಐದು ವರ್ಷಗಳಲ್ಲಿ ೨೫೦ ಗಂಟೆ. ದಿನಕ್ಕೆ ಆರು ಗಂಟೆಯೆಂದು ಹಿಡಿದರೆ ಸುಮಾರು ೪೨ ದಿನ. ಅರ್ಧ ಶತಮಾನದ ಅಂತರದಲ್ಲಿ ಗುರಿಯೇ ಕುಗ್ಗಿದೆ. ದಿನಗಳ ಸಂಖ್ಯೆಗಿಂತಲೂ ವಿಚಾರಣೀಯವಾದದ್ದು ಇನ್ನೊಂದಿದೆ. ಆ ದಿನಗಳಲ್ಲಿ ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನು ಈ ಎರಡೂ ಲೆಕ್ಕಗಳು ಹೇಳುವುದಿಲ್ಲ.

ಆರು ಶಾಸ್ತ್ರ, ಒಬ್ಬರೇ ಶಿಕ್ಷಕರು

ರಾಜ್ಯದ ಪ್ರೌಢಶಾಲಾ ಸಮಾಜ ವಿಜ್ಞಾನ ಪಠ್ಯದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ವಿಭಾಗಗಳು ಸೇರಿವೆ. ಕಲಾ ವಿಭಾಗದ ಸಹಶಿಕ್ಷಕರು ಪದವಿಯಲ್ಲಿ ಇವುಗಳಲ್ಲಿ ಎರಡನ್ನೋ ಮೂರನ್ನೋ ಓದಿರುತ್ತಾರೆ. ಇತಿಹಾಸ ಓದಿದವರು ಬ್ಯಾಂಕ್ ವ್ಯವಹಾರವನ್ನೂ, ಅರ್ಥಶಾಸ್ತ್ರ ಓದಿದವರು ಹೊಯ್ಸಳರನ್ನೂ ಬೋಧಿಸಬೇಕಾಗುತ್ತದೆ. ಇದರ ನೇರ ಪರಿಣಾಮವಾಗಿ ತರಬೇತಿಯೆಂದರೆ ಗೊತ್ತಿಲ್ಲದ ಪಾಠಗಳನ್ನು ವಿವರಿಸುವ ವಿಷಯ ಪುಷ್ಟೀಕರಣ ಎಂಬ ಅರ್ಥ ರೂಢಿಯಾಗಿದೆ. ಅದಕ್ಕೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಒತ್ತಡ ಸೇರಿದಾಗ ನೀಲನಕ್ಷೆ, ಮಾದರಿ ಪ್ರಶ್ನೆಪತ್ರಿಕೆ, ನಕ್ಷೆ ಗುರುತಿಸುವ ಅಭ್ಯಾಸ, ಉತ್ತೀರ್ಣರಾಗಲು ಬೇಕಾದ ಕನಿಷ್ಠ ಅಂಶಗಳ ಪಟ್ಟಿ ಇವು ಉಳಿದ ಅವಧಿಯನ್ನು ತುಂಬುತ್ತವೆ. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯಲ್ಲಿ, ಜಿಲ್ಲೆಯಲ್ಲಿ ಕಲಿತವರು ತಾಲ್ಲೂಕಿನಲ್ಲಿ ಹೇಳಿಕೊಡುವ ಕ್ರಮದಲ್ಲಿ ಮೂಲ ಆಶಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ತೆಳುವಾಗುವುದೂ ಉಂಟು. ಒ.ಒ.ಡಿ. ಪ್ರಮಾಣಪತ್ರ ಕೈಗೆ ಬಂದರೆ ತರಬೇತಿ ಮುಗಿದಂತೆ ಎಂದು ಶಿಕ್ಷಕರೇ ನಗೆಯಾಡುತ್ತಾರೆ. ಈ ನಗೆಯನ್ನು ಉದಾಸೀನವೆಂದು ಓದುವವರು ಅದರ ಹಿಂದಿನ ಬೇಸರವನ್ನು ಗಮನಿಸಿಲ್ಲವೆನ್ನಬೇಕು.

೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಸ್ಥಿತಿಯನ್ನು ಬದಲಿಸುವ ಮಾತಾಡಿತು. ಗೋಪಾಲ್ ಗುರು ಅವರ ಅಧ್ಯಕ್ಷತೆಯ ಸಮಾಜ ವಿಜ್ಞಾನ ಬೋಧನೆಯ ರಾಷ್ಟ್ರೀಯ ಗುಂಪು ಸ್ಥಳೀಯ ಅನುಭವಕ್ಕೂ ಅಂಚಿನ ಸಮುದಾಯಗಳ ದೃಷ್ಟಿಗೂ ಪಠ್ಯದಲ್ಲಿ ಎಡೆಯಿರಬೇಕೆಂದು ವಾದಿಸಿತು. ಅದಕ್ಕೂ ಮೊದಲೇ ಮಧ್ಯಪ್ರದೇಶದ ಹೋಶಂಗಾಬಾದ್ ಮುಂತಾದೆಡೆ ಏಕಲವ್ಯ ಸಂಸ್ಥೆ ೧೯೮೬ರಿಂದ ಕೆಲವು ಮಾಧ್ಯಮಿಕ ಶಾಲೆಗಳಲ್ಲಿ ಸಮಾಜ ವಿಜ್ಞಾನದ ಪ್ರಯೋಗ ನಡೆಸಿತ್ತು. ಅಲ್ಲಿ ಶಿಕ್ಷಕರ ಸಭೆಗಳೇ ತರಬೇತಿಯಾಗಿದ್ದವು. ಪುಸ್ತಕ ತೆರೆದು ಬರೆಯುವ ಪರೀಕ್ಷೆ ಜಾರಿಯಲ್ಲಿತ್ತು. ೨೦೦೨ರಲ್ಲಿ ಆ ರಾಜ್ಯದ ಸರ್ಕಾರ ಅದನ್ನು ನಿಲ್ಲಿಸಿತು. ಪರೀಕ್ಷೆಯನ್ನು ಬದಲಿಸದೆ ತರಬೇತಿಯನ್ನಷ್ಟೇ ಬದಲಿಸಿದರೆ ಏನೂ ಉಳಿಯದೆಂಬ ಪಾಠವನ್ನು ಆ ಪ್ರಯೋಗದಿಂದ ನಾವು ಇನ್ನೂ ಕಲಿಯಬೇಕಾಗಿದೆ.

ಹಲಗಲಿ: ಒಂದು ಘಟನೆ, ಎರಡು ತರಗತಿ

ಮೌಖಿಕ ಆಕರದ ಪ್ರಶ್ನೆ ಎಷ್ಟು ಹತ್ತಿರದ್ದು ಎಂಬುದಕ್ಕೆ ಹಲಗಲಿಯಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದು ಸಿಗದು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಈ ಊರು ೧೮೫೭ರಲ್ಲಿ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಬೇಟೆಯೇ ಜೀವನವಾಗಿದ್ದ ಅಲ್ಲಿಯ ಬೇಡರು ಧಿಕ್ಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರಿನ ಮೇಲೆ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು ೧೯ ಜನರನ್ನು ಗಲ್ಲಿಗೇರಿಸಲಾಯಿತು.

ಕಳೆದ ದಶಕದಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಈ ಘಟನೆಯನ್ನು ಎರಡು ಬಾರಿ ಓದುತ್ತಾ ಬಂದಿದ್ದಾರೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ, ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದಲ್ಲಿ ಎದುರಾದ ಪ್ರತಿರೋಧಗಳ ಅಧ್ಯಾಯದಲ್ಲಿ, ಅದಕ್ಕೆ ಒಂದು ಸಣ್ಣ ಪರಿಚ್ಛೇದ ಮೀಸಲು. ಕನ್ನಡ ಪ್ರಥಮ ಭಾಷೆಯ ಪುಸ್ತಕದಲ್ಲಿ ಬಿ.ಎಸ್. ಗದ್ದಗಿಮಠರ ಸಂಗ್ರಹದಿಂದ ಆರಿಸಿದ ಲಾವಣಿಯೇ ಪಾಠವಾಗಿದೆ. ಮೊದಲನೆಯದನ್ನು ಬೋಧಿಸುವವರು ಕಲಾ ಶಿಕ್ಷಕರು, ಎರಡನೆಯದನ್ನು ಬೋಧಿಸುವವರು ಭಾಷಾ ಶಿಕ್ಷಕರು. ಒಂದೇ ಘಟನೆ, ಒಂದೇ ಕೊಠಡಿ, ಅದೇ ವಿದ್ಯಾರ್ಥಿಗಳು. ಆದರೂ ಎರಡು ಪಾಠಗಳು ಪರಸ್ಪರ ಭೇಟಿಯಾಗುವುದು ಅಪರೂಪ. ಉತ್ತರ ಕರ್ನಾಟಕದ ಒಂದು ತರಬೇತಿಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗಿದ್ದಾಗ ಈ ಮಾತನ್ನು ನಾನು ಪ್ರಸ್ತಾಪಿಸಿದೆ. ಹಿರಿಯ ಶಿಕ್ಷಕರೊಬ್ಬರು, "ಲಾವಣಿ ಕನ್ನಡ ಸರ್ ಅವರ ಪೋರ್ಷನ್ ರೀ ಸರ, ನಮ್ಮದಲ್ಲ" ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ವೇಳಾಪಟ್ಟಿಯೂ ತರಬೇತಿಯೂ ಅವರಿಗೆ ಕಲಿಸಿದ್ದನ್ನೇ ಹೇಳಿದರು.

ಲಾವಣಿಯನ್ನು ಆಕರವಾಗಿ ಓದುವುದೆಂದರೇನು? ಮೊದಲು ಅದು ಅಚ್ಚಿಗೆ ಬಂದ ಬಗೆಯನ್ನು ನೋಡಬೇಕು. ಜೆ.ಎಫ್. ಫ್ಲೀಟ್ ೧೮೮೫ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಅನುವಾದದೊಡನೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು, ಆದಾಯ ತೆರಿಗೆ ಹೇರಿಕೆ ಇವು ಅವುಗಳ ವಸ್ತು. ಫ್ಲೀಟ್ ಮುಂಬಯಿ ಸರ್ಕಾರದ ಅಧಿಕಾರಿ. ಯಾವ ಆಡಳಿತವನ್ನು ಹಾಡು ದೂರುತ್ತದೆಯೋ ಅದೇ ಆಡಳಿತದ ಅಧಿಕಾರಿಯೊಬ್ಬರು ಅದನ್ನು ಬರೆದುಕೊಂಡು ಅಚ್ಚುಮಾಡಿಸಿದರು. ಘಟನೆಗೂ ಪ್ರಕಟಣೆಗೂ ನಡುವೆ ಮೂರು ದಶಕಗಳೂ ಕಳೆದಿರಲಿಲ್ಲ. ಹಲಗಲಿಯನ್ನು ಕಣ್ಣಾರೆ ಕಂಡವರು ಆಗ ಬದುಕಿದ್ದಿರಲು ಸಾಕಷ್ಟು ಅವಕಾಶವಿತ್ತು. ಅಧಿಕಾರಿಯ ಎದುರು ಹಾಡುಗಾರ ಯಾವ ನುಡಿಯನ್ನು ಹಾಡಿರಬಹುದು, ಯಾವುದನ್ನು ಬಿಟ್ಟಿರಬಹುದು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಆಕರ ವಿಮರ್ಶೆಯ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.

ಎರಡನೆಯದಾಗಿ, ಲಾವಣಿಯ ಅಂಕಿತ. ಪಠ್ಯದಲ್ಲಿರುವ ಲಾವಣಿ ಕುರ್ತಕೋಟಿಯ ಕಲ್ಮೇಶನ ಹೆಸರಿನಲ್ಲಿ ಮುಗಿಯುತ್ತದೆ. ಕುರ್ತಕೋಟಿ ಇರುವುದು ಗದಗ ತಾಲ್ಲೂಕಿನಲ್ಲಿ, ಹಲಗಲಿಯಿಂದ ಬಹು ದೂರ. ಹಾಗಾದರೆ ಹಾಡು ಕಟ್ಟಿದವನು ಘಟನೆಯನ್ನು ಕಂಡವನೇ, ಕೇಳಿದವನೇ? ಕೇಳಿದ್ದರೆ ಸುದ್ದಿ ಅಷ್ಟು ದೂರ ಯಾವ ದಾರಿಯಿಂದ ಹೋಯಿತು? ಸಂತೆ, ಜಾತ್ರೆ, ಬೀಗತನ, ಹಾಡುಗಾರರ ಮೇಳ ಇವುಗಳಲ್ಲಿ ಯಾವುದು ಸುದ್ದಿವಾಹಕವಾಗಿತ್ತು? ಇವು ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಪ್ರಶ್ನೆಗಳೂ ಆಗಿವೆ. ಆರು ವಿಭಾಗಗಳನ್ನು ಒಂದೇ ಹೊದಿಕೆಯಲ್ಲಿ ಕಟ್ಟಿಕೊಟ್ಟ ಪಠ್ಯಕ್ಕೆ ನಿಜವಾದ ಬೆಸುಗೆ ಇಂಥ ಪ್ರಶ್ನೆಯಿಂದ ದೊರೆತೀತು.

ಮೂರನೆಯದು ಇನ್ನೂ ಮುಖ್ಯ. ದಂಗೆಯನ್ನು ಹತ್ತಿಕ್ಕಿದ ಕಡತಗಳಲ್ಲಿ ಬೇಡರು ಒಂದು ಗುಂಪು. ಬಂಧಿತರ, ಸತ್ತವರ, ಗಲ್ಲಿಗೇರಿದವರ ಸಂಖ್ಯೆ. ಲಾವಣಿಯಲ್ಲಿ ಅವರಿಗೆ ಹೆಸರುಗಳಿವೆ: ಹನುಮ, ಬಾಲ, ಜಡಗ, ರಾಮ. ಲೂಟಿಯನ್ನು ವರ್ಣಿಸುವಾಗ ಹಾಡು ಮನೆಮನೆಯ ಒಳಗೆ ಹೋಗಿ ಕೊಡಲಿ, ಕುಡಗಳಿಂದ ಹಿಡಿದು ಉಪ್ಪು, ಎಣ್ಣೆ, ಅರಿಸಿನ, ಅಕ್ಕಿ, ಬೆಲ್ಲದವರೆಗೆ ಪಟ್ಟಿ ಮಾಡುತ್ತದೆ. ಭಾಷಾ ಪಾಠದಲ್ಲಿ ಇದು ವರ್ಣನೆಯ ಸೊಗಸು. ಇತಿಹಾಸದ ದೃಷ್ಟಿಯಲ್ಲಿ ಇದು ಹತ್ತೊಂಬತ್ತನೆಯ ಶತಮಾನದ ನಡುವಿನ ಒಂದು ಬಡ ಹಳ್ಳಿಯಲ್ಲಿ ಏನಿತ್ತು ಎಂಬುದರ ಸಾಮಾನು ಯಾದಿ, ಜೊತೆಗೆ ಕಳೆದುಕೊಂಡವರ ಕಡೆಯಿಂದ ಬರೆದ ನಷ್ಟದ ಲೆಕ್ಕ. ಪಟ್ಟಿಗಳು ಲಾವಣಿಯ ಶೈಲಿಯಲ್ಲಿ ಸಿದ್ಧಸೂತ್ರಗಳಾಗಿಯೂ ಬರುತ್ತವೆ. ಆದ್ದರಿಂದ ಪ್ರತಿ ವಸ್ತುವನ್ನೂ ಸಾಕ್ಷ್ಯವೆಂದು ಒಪ್ಪುವುದೂ ಸರಿಯಲ್ಲ. ಯಾವುದು ಸೂತ್ರ, ಯಾವುದು ನೆನಪು ಎಂದು ಬೇರ್ಪಡಿಸಲು ಬೇರೆ ಲಾವಣಿಗಳೊಡನೆ ಹೋಲಿಸಬೇಕು. ಇದನ್ನು ಶಿಕ್ಷಕರು ಹುಟ್ಟಿನಿಂದ ಕಲಿತು ಬರುವುದಿಲ್ಲ, ಬಿ.ಇಡ್.ನಲ್ಲಿಯೂ ಕಲಿಯುವುದಿಲ್ಲ. ತರಬೇತಿಗೆ ಇಲ್ಲಿ ನಿಜವಾದ ಕೆಲಸವಿದೆ.

ಒಪ್ಪುವ ಅತಿ, ತಳ್ಳುವ ಅತಿ

ಮೌಖಿಕ ಪರಂಪರೆಯ ಬಗೆಗೆ ಶಿಕ್ಷಕರಲ್ಲಿ ಎರಡು ಅತಿಗಳು ಕಂಡುಬರುತ್ತವೆ. ಕೆಲವರು ಅದನ್ನು ಕಟ್ಟುಕಥೆಯೆಂದು ತಳ್ಳುತ್ತಾರೆ. ಮನೆಯಲ್ಲಿ ಅಜ್ಜಿಯಿಂದ ಕೇಳಿದ್ದನ್ನು ತರಗತಿಯಲ್ಲಿ ಹೇಳಿದ ಮಗು ಇದರಿಂದ ಮತ್ತೆ ಬಾಯಿ ಬಿಡುವುದಿಲ್ಲ. ಇನ್ನು ಕೆಲವರು ಊರಿನ ಅಭಿಮಾನದಿಂದ ಐತಿಹ್ಯಕ್ಕೆ ತೇದಿಯನ್ನೂ ವಂಶಾವಳಿಯನ್ನೂ ಜೋಡಿಸಿ ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿಯೆಂದು ನನ್ನ ಅಭಿಪ್ರಾಯ. ವೀರನೊಬ್ಬನ ಜಾತಿ ಯಾವುದು, ಪ್ರತಿಮೆ ಯಾವ ವೃತ್ತದಲ್ಲಿ ನಿಲ್ಲಬೇಕು ಎಂಬ ವಾದಗಳು ಬೀದಿಗೆ ಬಂದಿರುವ ಕಾಲದಲ್ಲಿ ಶಾಲೆಯ ಗೋಡೆಯ ಬರಹವೂ ಪಕ್ಷವಹಿಸಿದಂತಾಗುತ್ತದೆ.

ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಬಳಿಯ ಆಲದ ಮರವನ್ನು ಅವನ ಒಡನಾಡಿ ನೆಟ್ಟನೆಂದು ಜನ ನಂಬುತ್ತಾರೆ. ಮಕ್ಕಳ ಫಲ ಬೇಡಿ ಆ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಮರ ನೆಟ್ಟವರು ಯಾರೆಂಬುದಕ್ಕೆ ಈ ತೊಟ್ಟಿಲುಗಳು ಸಾಕ್ಷಿಯಾಗವು. ಗಲ್ಲಿಗೇರಿದ ಬಂಡುಕೋರನನ್ನು ಜನ ಸಂತಾನ ಕೊಡುವ ದೈವವಾಗಿ ಪಡೆದುಕೊಂಡರೆಂಬುದಕ್ಕೆ ಮಾತ್ರ ಅವುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಂದೇ ಆಕರ ಒಂದು ಪ್ರಶ್ನೆಗೆ ಮೂಕವಾಗಿ ಇನ್ನೊಂದಕ್ಕೆ ನಿಚ್ಚಳವಾಗಿ ಉತ್ತರಿಸುವ ಈ ಗುಣವನ್ನು ಹದಿನೈದು ವರ್ಷದ ಮಕ್ಕಳು ಸುಲಭವಾಗಿ ಗ್ರಹಿಸುತ್ತಾರೆ. ಪ್ರಶ್ನೆ ಕೇಳುವವರು ಬೇಕು.

ಯಾನ್ ವಾನ್ಸಿನಾ ೧೯೬೧ರಲ್ಲಿ ಪ್ರಕಟಿಸಿದ ಮೌಖಿಕ ಪರಂಪರೆಯ ಕುರಿತ ಗ್ರಂಥ, ಅನಂತರ ೧೯೮೫ರಲ್ಲಿ ಅದನ್ನೇ ಹೊಸದಾಗಿ ಬರೆದ ಕೃತಿ, ಆಫ್ರಿಕದ ಅನುಭವದಿಂದ ಹೊಮ್ಮಿದ್ದರೂ ನಮಗೆ ಹೊಂದುತ್ತವೆ. ಕಂಡವರೇ ಹೇಳುವ ಮೌಖಿಕ ಇತಿಹಾಸ ಬೇರೆ, ತಲೆಮಾರುಗಳಿಂದ ದಾಟಿ ಬಂದ ಮೌಖಿಕ ಪರಂಪರೆ ಬೇರೆ ಎಂಬ ಅವರ ವಿಂಗಡಣೆ ತರಬೇತಿಯ ಮೊದಲ ಗಂಟೆಯಲ್ಲೇ ಬರಬೇಕಾದದ್ದು. ಹಲಗಲಿಯ ದಂಗೆ ಎರಡನೆಯ ವರ್ಗಕ್ಕೆ ಸೇರಿದ್ದು. ಆದರೆ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಕ್ಕಳ ಮನೆಗಳಲ್ಲಿ ಮೊದಲನೆಯ ವರ್ಗದ ಆಕರ ಈಗಲೂ ಧಾರಾಳವಾಗಿದೆ. ೧೯೭೦ರ ದಶಕದ ಆರಂಭದ ಬರಗಾಲದಲ್ಲಿ ಕಾಮಗಾರಿಗೆ ಹೋಗಿ ಕಲ್ಲು ಒಡೆದವರು ಇದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದವರಿದ್ದಾರೆ. ಆ ಕೇಂದ್ರಗಳ ಪ್ರೌಢಶಾಲೆಯಲ್ಲಿ ಓದುವ ಮಗುವಿಗೆ ಮುಳುಗಿದ ಊರು ಕಥೆಯಷ್ಟೇ. ಅದರ ಅಜ್ಜನಿಗೆ ಅದು ಅಗಸೆ, ಹಗೇವು, ಹೊಳೆದಂಡೆಯ ಹೊಲ, ಸರ್ಕಾರ ಕೊಟ್ಟ ಪರಿಹಾರದ ಮೊತ್ತ. ಅಣೆಕಟ್ಟೆಗಳ ಪ್ರಯೋಜನವನ್ನು ಭೂಗೋಳದ ಪಾಠದಲ್ಲಿ ಬೋಧಿಸುವ ಶಿಕ್ಷಕರಿಗೆ ಈ ಅಜ್ಜನನ್ನು ಹೇಗೆ ಕೇಳಬೇಕೆಂಬುದು ಗೊತ್ತಿರಬೇಡವೇ? ಈ ಪೀಳಿಗೆ ಬೇಗ ಬೇಗ ಕಳೆದುಹೋಗುತ್ತಿದೆ. ಲಾವಣಿ ಪುಸ್ತಕದಲ್ಲಾದರೂ ಉಳಿದಿದೆ, ಇವರ ಮಾತು ಎಲ್ಲಿಯೂ ಉಳಿದಿಲ್ಲ.

ಕ್ಷೇತ್ರಕಾರ್ಯದ ರೀತಿ

ಜಾನಪದ ಕ್ಷೇತ್ರಕಾರ್ಯದಲ್ಲಿ ಬಳಕೆಯಲ್ಲಿರುವ ಕ್ರಮಗಳು ಶಾಲೆಗೆ ಭಾರವಾಗುವಂಥವಲ್ಲ. ಹಾಡಿದವರ ಹೆಸರು, ವಯಸ್ಸು, ಊರು, ಕಸುಬು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ, ಯಾರ ಎದುರು ಹಾಡುತ್ತಾರೆ, ಅದೇ ಹಾಡಿನ ಇನ್ನೊಂದು ಪಾಠ ಪಕ್ಕದ ಊರಿನಲ್ಲಿದೆಯೇ ಎಂಬ ನಾಲ್ಕಾರು ಸಂಗತಿಗಳನ್ನು ಬರೆದಿಟ್ಟುಕೊಳ್ಳುವುದೇ ಅರ್ಧ ಕೆಲಸ. ಗೀಗೀ ಮೇಳದವರು ಜಾತ್ರೆಯಲ್ಲಿ ಹಾಡುವುದಕ್ಕೂ ಆಕಾಶವಾಣಿಗೆ ಹಾಡುವುದಕ್ಕೂ ಆಗುವ ವ್ಯತ್ಯಾಸವನ್ನು ಕೇಳಿಸಿಕೊಂಡವರಿಗೆ ಸಂದರ್ಭವೆಂಬ ಪದದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕೆಲವು ಎಚ್ಚರಗಳೂ ಬೇಕು. ಊರಿನ ಗೌಡರ ಮನೆಯಲ್ಲಿ ಕೇಳಿದ ಸ್ಥಳಪುರಾಣವನ್ನೇ ಊರಿನ ಇತಿಹಾಸವೆಂದು ಬರೆದರೆ ಹೊಲಗೇರಿಯ ನೆನಪು ಅದರಲ್ಲಿ ಸೇರುವುದಿಲ್ಲ. ಗಂಡಸರ ಲಾವಣಿ ದಂಡು, ಕಾಳಗಗಳನ್ನು ಹೇಳಿದರೆ ಹೆಂಗಸರ ಬೀಸುವ ಹಾಡು ಬರ, ತವರು, ಸಾಲಗಳನ್ನು ಹೇಳುತ್ತದೆ. ಎರಡನ್ನೂ ಕೇಳದೆ ಸಮಾಜ ವಿಜ್ಞಾನ ಪೂರ್ಣವಾಗದು. ಹೇಳುವವರ ಒಪ್ಪಿಗೆ ಪಡೆಯುವುದು, ನೋವಿನ ಸಂಗತಿಗಳನ್ನು ಮಕ್ಕಳಿಂದ ಕೆದಕಿಸದಿರುವುದು, ಜಾತಿ ನಿಂದೆಯ ಕಥೆಗಳು ಬಂದಾಗ ಅವನ್ನು ತರಗತಿಯಲ್ಲಿ ಹೇಗೆ ನಿರ್ವಹಿಸಬೇಕೆಂದು ಮೊದಲೇ ಯೋಚಿಸಿಕೊಳ್ಳುವುದು ಇವು ಶಿಕ್ಷಕರ ಹೊಣೆ. ಜಾನಪದ ವಿದ್ವಾಂಸರು ಊರು ಬಿಟ್ಟು ಹೋಗುತ್ತಾರೆ. ಶಿಕ್ಷಕರು ಮರುದಿನ ಅದೇ ಊರಿಗೆ ಬರಬೇಕು. ಈ ವ್ಯತ್ಯಾಸವನ್ನು ನಮ್ಮ ಕ್ಷೇತ್ರಕಾರ್ಯದ ಕೈಪಿಡಿಗಳು ಗಮನಕ್ಕೆ ತಂದುಕೊಂಡದ್ದು ಕಡಿಮೆ.

ಕೇಳಿದ್ದನ್ನು ಒರೆಗೆ ಹಚ್ಚಲು ಲಿಖಿತ ಸಾಮಗ್ರಿಯೂ ಊರಿಗೆ ಹತ್ತಿರದಲ್ಲೇ ಇದೆ. ಹಳೆಯ ಮೈಸೂರು ಭಾಗಕ್ಕೆ ಬಿ.ಎಲ್. ರೈಸ್ ೧೮೮೬ರಲ್ಲಿ ಆರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ' ತಾಲ್ಲೂಕುವಾರು ಶಾಸನಗಳನ್ನು ಕೊಡುತ್ತದೆ. ಮುಂಬಯಿ ಕರ್ನಾಟಕಕ್ಕೆ ದಕ್ಷಿಣ ಭಾರತ ಶಾಸನಮಾಲೆಯ ಸಂಪುಟಗಳಿವೆ. ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ೧೯೯೪ರಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಎಂದು ಹೊರತಂದರು. ಕೈಫಿಯತ್ತುಗಳು ವಿಶೇಷವಾಗಿ ಉಪಯುಕ್ತ. ಊರವರು ಹೇಳಿದ ಮಾತು ಎರಡು ಶತಮಾನಗಳ ಹಿಂದೆ ಬರಹಕ್ಕಿಳಿದ ರೂಪ ಅದು. ತನ್ನ ಊರಿನ ಕೈಫಿಯತ್ತನ್ನೂ ಇಂದು ಊರವರು ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿಗೆ ನೆನಪು ಹೇಗೆ ಬದಲಾಗುತ್ತದೆಂಬುದು ಭಾಷಣವಿಲ್ಲದೆ ತಿಳಿಯುತ್ತದೆ. ಈ ಗ್ರಂಥಗಳ ಹೆಸರುಗಳನ್ನಾದರೂ ತರಬೇತಿಯಲ್ಲಿ ಹೇಳಿದರೆ, ಹೆಸರಿನ ಜೊತೆಗೆ ಪ್ರತಿಯನ್ನು ಡಯಟ್ ಗ್ರಂಥಾಲಯದಲ್ಲಿ ಇಟ್ಟರೆ, ಬಹಳವಾಯಿತು.

ಶಿಕ್ಷಕರೇ ಸಂಗ್ರಾಹಕರಾಗಿದ್ದ ಕಾಲ

ಇಂಥ ಕೆಲಸಕ್ಕೆ ಶಾಲಾ ಶಿಕ್ಷಕರು ಸಿದ್ಧರಿರುವರೇ ಎಂಬ ಸಂದೇಹವನ್ನು ಆಗಾಗ್ಗೆ ಕೇಳುತ್ತೇವೆ. ಕನ್ನಡ ಜಾನಪದ ಸಂಗ್ರಹದ ಚರಿತ್ರೆಯೇ ಇದಕ್ಕೆ ಉತ್ತರ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಹೊರತಂದಾಗ ಯಾವ ವಿಶ್ವವಿದ್ಯಾಲಯದಲ್ಲಿಯೂ ಕನ್ನಡ ಜಾನಪದ ಒಂದು ವಿಷಯವಾಗಿರಲಿಲ್ಲ. ಆ ಬಳಗದ ಸಿಂಪಿ ಲಿಂಗಣ್ಣ ಶಾಲಾ ಶಿಕ್ಷಕರು. ಪಾಠ ಹೇಳುತ್ತಲೇ ಸಂಗ್ರಹಿಸಿದರು, ಸಂಗ್ರಹಿಸುತ್ತಲೇ ಬರೆದರು. ಜಾನಪದವು ವಿಶ್ವವಿದ್ಯಾಲಯಗಳಿಗೆ ಬಂದದ್ದು ಅನಂತರ: ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತು ಸಂಗ್ರಹಾಲಯ ೧೯೬೮ರದು, ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯ ಗೊಟಗೋಡಿಯಲ್ಲಿ ಸ್ಥಾಪನೆಯಾದದ್ದು ೨೦೧೧ರಲ್ಲಿ. ಶಾಸ್ತ್ರ ಬೆಳೆದಂತೆ ಶಾಲೆಯ ಸಂಬಂಧ ಸಡಿಲವಾಯಿತೆಂಬುದು ವಿಷಾದದ ಸಂಗತಿ. ನಮ್ಮ ಸೈದ್ಧಾಂತಿಕ ಗ್ರಂಥಗಳು ಎಂ.ಎ. ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಎದುರಿಗಿಟ್ಟುಕೊಂಡು ಬರೆದವು. ಪ್ರೌಢಶಾಲಾ ಶಿಕ್ಷಕರಿಗಾಗಿ ಬರೆದ ಪುಸ್ತಕಗಳು ವಿರಳ. ತರಬೇತಿಯ ಕೊರತೆಯನ್ನು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಮಾತ್ರ ಬರೆಯುವುದು ಆದ್ದರಿಂದ ನ್ಯಾಯವಾಗದು.

೨೦೧೦ರ ದಶಕದ ಆರಂಭದಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದವು. ಶಿಕ್ಷಕರನ್ನು ಬೋಧನ ಸಾಮಗ್ರಿಯ ಕರ್ತೃಗಳೆಂದು ಗಣಿಸಿದ್ದು ಈ ಪ್ರಯತ್ನದ ಹೆಚ್ಚುಗಾರಿಕೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು ಅವರನ್ನು ಆಕರಗಳ ಸಂಗ್ರಾಹಕರೆಂದೂ ಗಣಿಸಬೇಕು. ಕನ್ನಡ ಶಿಕ್ಷಕರನ್ನೂ ಸಮಾಜ ವಿಜ್ಞಾನ ಶಿಕ್ಷಕರನ್ನೂ ಒಂದೇ ತರಬೇತಿಗೆ ಎರಡು ದಿನಗಳ ಮಟ್ಟಿಗಾದರೂ ಒಟ್ಟಾಗಿ ಕರೆಯಲು ಹೊಸ ಯೋಜನೆಯಾಗಲಿ ಹೊಸ ಅನುದಾನವಾಗಲಿ ಬೇಕಾಗಿಲ್ಲ; ಉಪನಿರ್ದೇಶಕರ ಕಚೇರಿಯ ವಿಷಯ ಪರಿವೀಕ್ಷಕರಿಬ್ಬರು ಕೂತು ಮಾತಾಡಿದರೆ ಸಾಕು.

ಪರೀಕ್ಷೆಯ ಚೌಕಟ್ಟಿನಲ್ಲಿಯೂ ಇದಕ್ಕೆ ಒಂದು ಕಿಂಡಿ ಇದೆ. ಎಸ್.ಎಸ್.ಎಲ್.ಸಿ.ಯ ೧೦೦ ಅಂಕಗಳಲ್ಲಿ ೨೦ ಅಂಕಗಳು ಆಂತರಿಕ ಮೌಲ್ಯಮಾಪನದವು. ಅದಕ್ಕಾಗಿ ವಿದ್ಯಾರ್ಥಿಗಳು ಚಟುವಟಿಕೆ, ಯೋಜನಾ ಕಾರ್ಯಗಳನ್ನು ಮಾಡುತ್ತಾರೆ. ಸದ್ಯಕ್ಕೆ ಅವುಗಳಲ್ಲಿ ಹೆಚ್ಚಿನವು ಅಂಗಡಿಯ ಚಿತ್ರಪಟಗಳನ್ನು ಅಂಟಿಸಿ, ಗೈಡಿನಿಂದ ನಕಲು ಮಾಡಿದ ಹಾಳೆಗಳು. ಅಂಕಗಳ ಪರಿಶೀಲನೆ ಮುಗಿದ ಮೇಲೆ ರದ್ದಿಗೆ ಹೋಗುತ್ತವೆ. ಮುಧೋಳ, ಬೀಳಗಿ, ಬಾಗಲಕೋಟೆ ತಾಲ್ಲೂಕುಗಳ ಒಂದೊಂದು ಪ್ರೌಢಶಾಲೆಯಲ್ಲಿ ವರ್ಷಕ್ಕೆ ಹತ್ತು ಮಕ್ಕಳು ತಮ್ಮ ಮನೆಯ ಹಿರಿಯರೊಬ್ಬರ ಮಾತನ್ನು ಬರೆದುಕೊಂಡರೂ ಮುಳುಗಡೆಯ ಊರುಗಳ ಬಗೆಗೆ ಯಾವ ಕಚೇರಿಯಲ್ಲಿಯೂ ಇಲ್ಲದ ಒಂದು ಸಂಗ್ರಹ ಕೆಲವೇ ವರ್ಷಗಳಲ್ಲಿ ಕೂಡಿಬರುತ್ತದೆ. ಅದನ್ನು ತಾಲ್ಲೂಕು ಗ್ರಂಥಾಲಯದಲ್ಲೋ ಡಯಟ್‌ನಲ್ಲೋ ಕಾದಿರಿಸಬಹುದು. ಒಂದು ನಿಬಂಧನೆಯಿದೆ: ಪ್ರತಿ ಹಾಳೆಯ ತಲೆಯ ಮೇಲೆ ಹೇಳಿದವರ ಹೆಸರು, ಅವರ ಒಪ್ಪಿಗೆ, ಊರು, ಬರೆದುಕೊಂಡ ತೇದಿ ಮತ್ತು ಬರೆದುಕೊಂಡ ವಿದ್ಯಾರ್ಥಿಯ ಹೆಸರು ಇರಲೇಬೇಕು. ಈ ಐದು ಸಂಗತಿಗಳಿಲ್ಲದ ಹಾಳೆಯನ್ನು ಮುಂದೆ ಯಾವ ಸಂಶೋಧಕನೂ ಆಕರವೆಂದು ಬಳಸಲಾರ.